ಹೋಳಿಗೆಯಿಲ್ಲದ ಎಲೆ

ಭಗವಂತನ ಕೃಪೆಯಿದ್ದ ಒಂದು ಹೊಳೆದಂಡೆಯ ಆಶ್ರಮದಲ್ಲಿ ಅಮೃತಯ್ಯನವರೆಂಬ ಗುರುಗಳಿದ್ದರು. ಹೊಂಬಳಿ ರಾಜ್ಯದ ಯುವರಾಜ ಚಾಗಿದೇವ ಅವರ ಬಳಿಯೇ ಹನ್ನೆರಡು ವರ್ಷ ಕಲಿತವನು.

ತಂದೆ ತೀರಿಕೊಂಡ ವಾರಕ್ಕೆ ಅವನು ಆನೆಯ ಮೇಲೆ ಬಂದಿಳಿದ. ಮುಖ ಬಾಡಿತ್ತು.

"ಗುರುಗಳೇ, ಚಿಕ್ಕಪ್ಪ ಬಿಜ್ಜರಸರೂ ಪಟ್ಟ ಕೇಳುತ್ತಿದ್ದಾರೆ. ಬರುವ ಹುಣ್ಣಿಮೆಗೆ ಊಟದ ಸಾಲು."

ಹೊಂಬಳಿಯ ಪದ್ಧತಿ ಹಾಗಿತ್ತು. ಪಟ್ಟಕ್ಕೆ ಇಬ್ಬರು ನಿಂತರೆ ಹೊಳೆದಂಡೆಯಲ್ಲಿ ಎರಡು ಸಾಲು ಎಲೆ ಹಾಕುವರು. ಏಳು ನಾಡುಗಳ ಒಡೆಯರು ತಮಗೆ ಬೇಕಾದವನ ಸಾಲಿನಲ್ಲಿ ಕೂತು ಉಣ್ಣುವರು. ಹೆಚ್ಚು ಮಂದಿ ಕೂತ ಕಡೆಗೆ ಪಟ್ಟ. ಸೋತವನು ಹೊಳೆ ದಾಟಿ ಹೋಗಬೇಕು, ಮತ್ತೆ ಬರುವಂತಿಲ್ಲ.

"ಏಳು ಮಂದಿಗೂ ಕುದುರೆ, ಕಡಗ ಕಳಿಸಿದೆ. ನಗುತ್ತಾ ತೆಗೆದುಕೊಂಡರು. ಚಿಕ್ಕಪ್ಪ ಕಳಿಸಿದ್ದನ್ನೂ ಹಾಗೇ ನಗುತ್ತಾ ತೆಗೆದುಕೊಂಡರಂತೆ!"

"ಮೊದಲು ಊಟ ಮಾಡಪ್ಪ" ಎಂದರು ಗುರುಗಳು.

ಉಳಿದ ಶಿಷ್ಯರ ಎಲೆಯಲ್ಲಿ ಬದನೆಕಾಯಿ ಎಣ್ಣೆಗಾಯಿ. ಅವನ ಎಲೆಯಲ್ಲಿ ಸೊಪ್ಪಿನ ಪಲ್ಯ.

"ನನಗೇಕೆ ಎಣ್ಣೆಗಾಯಿ ಇಲ್ಲ?"

"ಬದನೆಕಾಯಿ ತಿಂದರೆ ನಿನಗೆ ಗಂಟಲು ತುರಿಸುತ್ತದಲ್ಲ."

"ಅಯ್ಯೋ, ಇನ್ನೂ ನೆನಪಿದೆಯೇ!" ಶಿಷ್ಯನ ಕಣ್ಣು ತುಂಬಿತು.

"ಆ ಏಳು ಮಂದಿಗೆ ಯಾವುದು ಸೇರುವುದಿಲ್ಲ, ಹೇಳು ನೋಡೋಣ."

ಚಾಗಿದೇವ ಎಣಿಸಲು ಬೆರಳು ಮಡಿಸಹೋಗಿ ಕೈ ಕೆಳಗಿಟ್ಟ.

"ಆನೆ ಇಲ್ಲೇ ಇರಲಿ, ಪಾಪ, ಅದಕ್ಕೂ ಸುಸ್ತಾಗಿದೆ. ನೀನು ನಡೆದುಕೊಂಡು ಹೋಗು. ಏಳು ಮನೆಯಲ್ಲೂ ಒಂದೊಂದು ಹೊತ್ತು ಊಟ ಕೇಳು."

"ಯುವರಾಜ ಹೋಗಿ ಊಟ ಕೇಳುವುದೇ?"

"ಹಸಿವಾದ ಮೇಲೆ ಕೇಳು. ಆಗ ನಾಚಿಕೆ ಆಗುವುದಿಲ್ಲ."

ಚಾಗಿದೇವ ಹೋದ. ಒಂದು ಮನೆಯಲ್ಲಿ ಹಿತ್ತಿಲಲ್ಲಿ ಕೂರಿಸಿ ಗಂಜಿ ಕೊಟ್ಟರು. ಇನ್ನೊಂದರಲ್ಲಿ ಅವನ ತಂದೆಯನ್ನು ಬೈಯುತ್ತಲೇ ತುಪ್ಪ ಬಡಿಸಿದರು. ಎಲ್ಲ ಕೇಳಿಸಿಕೊಂಡು ಉಂಡ.

ಹುಣ್ಣಿಮೆಯ ಮಧ್ಯಾಹ್ನ ಸಾಲು ಹಾಕಿದರು. ಗುರುಗಳೂ ಬಂದಿದ್ದರು. ಬಿಜ್ಜರಸ ಎತ್ತರದ ಪೀಠದಲ್ಲಿ ಕೂತಿದ್ದ. ಚಾಗಿದೇವ ಪಂಚೆ ಎತ್ತಿಕಟ್ಟಿ ತಾನೇ ಬಡಿಸುತ್ತಿದ್ದ.

ಮೂವರು ಒಡೆಯರು ಇತ್ತ ಕೂತರು, ಮೂವರು ಅತ್ತ. ಉಳಿದವರು ಮೂಡಣ ನಾಡಿನ ಒಡತಿ ಮಲ್ಲವ್ವ. ಅವರ ಒಬ್ಬನೇ ಮಗ, ತೀರಿಕೊಂಡ ರಾಜನಿಗಾಗಿ ಯುದ್ಧಕ್ಕೆ ಹೋದವನು, ಮರಳಿರಲಿಲ್ಲ.

"ಬಾರಮ್ಮ, ಹೋಳಿಗೆ ಬಿಸಿಯಾಗಿದೆ!" ಬಿಜ್ಜರಸ ಪೀಠದಿಂದಲೇ ಕೂಗಿದ.

ಮಲ್ಲವ್ವ ಚಾಗಿದೇವನ ಸಾಲನ್ನು ನೋಡಿದರು. ಕೊನೆಯ ಎಲೆಯೊಂದನ್ನು ಬಿಟ್ಟು ಎಲ್ಲ ಎಲೆಗೂ ಹೋಳಿಗೆ ಬಿದ್ದಿತ್ತು.

"ಇದಕ್ಕೇನು ಬಂತು? ಹೋಳಿಗೆ ಸಾಲಲಿಲ್ಲವೇನೋ, ಯುವರಾಜ?"

"ಅದು ನಿಮ್ಮ ಎಲೆ, ಅಮ್ಮ." ಚಾಗಿದೇವ ದನಿ ತಗ್ಗಿಸಿದ. "ನಿಮ್ಮ ಮನೆಯ ಅಣ್ಣನಿಗೆ ಹೋಳಿಗೆ ಅಂದರೆ ಪ್ರಾಣ. ಅವನು ಹೋದಮೇಲೆ ನೀವು ಅದನ್ನು ಬಾಯಿಗಿಟ್ಟಿಲ್ಲವಲ್ಲ."

ಮಲ್ಲವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆ ಎಲೆಯ ಮುಂದೆ ಕೂತರು.

"ಗೆದ್ದೆವು! ಸೋತವರನ್ನು ಹೊಳೆ ದಾಟಿಸಿ!" ಚಾಗಿದೇವನ ಸೈನಿಕರು ಕೂಗಿದರು. ಬಿಜ್ಜರಸ ಪೀಠದಿಂದ ಇಳಿದು ತಲೆ ತಗ್ಗಿಸಿ ನಿಂತ.

ಚಾಗಿದೇವ ಗುರುಗಳ ಬಳಿ ಬಂದ. "ಚಿಕ್ಕಪ್ಪನನ್ನು ಏನು ಮಾಡಲಿ?"

ಗುರುಗಳು ಮಜ್ಜಿಗೆಯ ತಂಬಿಗೆಯನ್ನು ಅವನ ಕೈಗಿಟ್ಟರು.

"ಊಟ ಇನ್ನೂ ಮುಗಿದಿಲ್ಲವಲ್ಲಪ್ಪ. ಅವನಿಗೆ ಮಜ್ಜಿಗೆಗೆ ಉಪ್ಪು ಬೇಕೋ, ಬೇಡವೋ?"