ಮುಟ್ಟಿತು ಅಂದ ಅಂಬಿಗ

ದಾಟಿಸದೆಯೇ ದಾಟಿಸಿದೆ ಅನ್ನುತ್ತದೆ, ಆದರೂ ಸುಳ್ಳುಗಾರ ಅಂತ ಬೈಯುವಂತಿಲ್ಲ. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯುವುದಿಲ್ಲ. ಗೂಳಪ್ಪನಿಗೆ ಉತ್ತರ ಗೊತ್ತಿತ್ತು. ಅದಕ್ಕೇ ಅವನ ಮೈ ಉರಿಯುತ್ತಿತ್ತು.

ಲಿಫ್ಟ್ ಓಡಿಸುವ ಕಂಪ್ಯೂಟರಿನ ತದ್ರೂಪವನ್ನು ಅವನು ಸಾಫ್ಟ್‌ವೇರಿನಲ್ಲೇ ಮಾಡುತ್ತಿದ್ದ. ಹೊಸ ಪ್ರೋಗ್ರಾಮನ್ನು ಮೊದಲು ಈ ನಕಲಿ ಯಂತ್ರದಲ್ಲಿ ಓಡಿಸಿ ನೋಡಿ, ಆಮೇಲೆ ಜನ ಹತ್ತುವ ಲಿಫ್ಟಿಗೆ ಹಾಕುವುದು ಕ್ರಮ. ಅಸಲಿ ಯಂತ್ರದೊಳಗೆ ಎರಡು ಬಸ್ಸುಗಳಿದ್ದವು. ಕಂಡಕ್ಟರ್ ಇರುವ ಬಸ್ಸಲ್ಲ, ಸಂದೇಶ ಹರಿಯುವ ದಾರಿ. ಎರಡರ ನಡುವೆ ಒಂದು ಸೇತುವೆ ಚಿಪ್. "ಬಾಗಿಲಿಗೆ ಬೀಗ ಹಾಕು" ಎಂಬ ಆಜ್ಞೆ ಬಂದರೆ ಆ ಚಿಪ್ ಅದನ್ನು ತನ್ನ ಬಳಿ ಇಟ್ಟುಕೊಂಡು "ಮುಟ್ಟಿತು" ಅಂದುಬಿಡುತ್ತಿತ್ತು. ತಲುಪಿಸುವುದು ಆಮೇಲೆ. ಬೀಗ ನಿಜಕ್ಕೂ ಬಿತ್ತೇ ಎಂದು ಬಾಗಿಲಿನಿಂದಲೇ ಉತ್ತರ ತರಿಸಿಕೊಂಡು, ಆಮೇಲೆ ಲಿಫ್ಟನ್ನು ಹೊರಡಿಸುವುದು ಪ್ರೋಗ್ರಾಮಿನ ಹೊಣೆ.

"ಗುರುಗಳೇ, ಈ ದರಿದ್ರ ಚಿಪ್ಪಿನ ಸೋಮಾರಿತನವನ್ನೂ ನಾನು ನಕಲು ಮಾಡಬೇಕಾ?" ಗೂಳಪ್ಪ ಮೇಜು ಗುದ್ದಿದ. "ನನ್ನ ಸೇತುವೆ ಕೊಟ್ಟ ಕೂಡಲೇ ತಲುಪಿಸುತ್ತೆ. ತಪ್ಪೇನು?"

ಅವನಿಗೆ ಕೆಲಸ ಕಲಿಸುತ್ತಿದ್ದ ಗುರುಗಳು ಕತೆ ಹೇಳಿದರು.

ಒಂದೂರಿಗೆ ಒಬ್ಬ ರೈತ ಮನೆಅಳಿಯನಾಗಿ ಬಂದ. ಅವನ ತಮ್ಮನೂ ಬಂದು ಹೊಳೆಯ ಆಚೆ ದಡದಲ್ಲಿ ಹೊಲ ಮಾಡಿದ. ಹೊಳೆಯ ಮೊರೆತಕ್ಕೆ ಕೂಗಿದರೆ ಕೇಳದು. ಮಾತು ದಾಟಿಸಲು ಒಬ್ಬ ಅಂಬಿಗನಿದ್ದ. ಹೇಳಿದ ತಕ್ಷಣ "ಮುಟ್ಟಿತು ಹೋಗಿ" ಅನ್ನುವನು, ದೋಣಿ ತುಂಬಿದ ಮೇಲೆ ಹೊರಡುವನು. ಊರವರಿಗೆ ಅವನ ಚಾಳಿ ಗೊತ್ತು. ಮಾತು ಒಪ್ಪಿಸಿದವರು, "ಅವರ ಕೈಯಿಂದ ಒಂದು ಹಿಡಿ ತುಂಬೆ ಹೂ ಇಸಕೊಂಡು ಬಾ" ಎಂದೂ ಹೇಳುವರು. ಹೂ ಬಂದರೆ ಮಾತು ಮುಟ್ಟಿದಂತೆ.

ಮಾವ ಅಂಗಳದಲ್ಲಿ ಗೆರೆ ಎಳೆದು, ಇದೇ ಹೊಳೆ ಎಂದು, ತಾನೇ ಅಂಬಿಗನಾಗಿ ಅಳಿಯನಿಗೆ ಊರಿನ ರೀತಿ ಕಲಿಸಿದ. ಆದರೆ ಅಂಬಿಗನ ಮೈಗಳ್ಳತನ ಆಡಿ ತೋರಿಸಲು ಅವನಿಗೆ ನಾಚಿಕೆ. ಮಾತು ಕಿವಿಗೆ ಬಿದ್ದ ಕೂಡಲೇ ಗೆರೆ ಜಿಗಿದು ತಲುಪಿಸಿದ. ಹೂ ಕೇಳುವ ಪ್ರಸಂಗವೇ ಬರಲಿಲ್ಲ.

"ಭೇಷ್ ಅಳಿಯಂದಿರೇ, ಕಲಿತುಬಿಟ್ಟಿರಿ!" ಅಂದ.

ಬೇಸಿಗೆಯಲ್ಲಿ ರೈತ ಈಚೆ ದಡದಲ್ಲಿ ಬಾವಿ ತೋಡಿದ. ಬಂಡೆ ಅಡ್ಡ ಬಂತು. ಅದಕ್ಕೆ ಸಿಡಿಮದ್ದು ತುಂಬಿ, ತಮ್ಮನಿಗೆ ಹೊಲ ಬಿಟ್ಟು ದೂರ ಹೋಗಲು ಹೇಳೆಂದು ಅಂಬಿಗನಿಗೆ ಒಪ್ಪಿಸಿದ. "ಮುಟ್ಟಿತು ಹೋಗಿ" ಅಂದ ಅಂಬಿಗ. ರೈತ ಬತ್ತಿಗೆ ಬೆಂಕಿ ಇಟ್ಟ.

ಕಲ್ಲು ಹೊಳೆ ದಾಟಿತು. ಮಾತು ದಾಟಿರಲಿಲ್ಲ.

ತಮ್ಮನನ್ನು ಮಣ್ಣು ಮಾಡಿ ಬಂದವನೇ ರೈತ ಕೊಡಲಿ ಹಿಡಿದ. ಜನ ಓಡಿಹೋಗಿ ಅಂಬಿಗನ ಗುಡಿಸಲಿಗೆ ಅಡ್ಡ ನಿಂತರು. ಆದರೆ ರೈತ ನುಗ್ಗಿದ್ದು ಮಾವನ ಮೇಲೆ.

"ಮೋಸ ಮಾಡಿದವನು ಅಂಬಿಗ ಕಣಪ್ಪಾ, ನನ್ನ ಮೇಲೇಕೆ ಬರ್ತೀಯ?"

"ಅವನು ಮೊದಲಿಂದಲೂ ಹಾಗೇ. ಅವನಿಗಿಂತ ಒಳ್ಳೆಯವನಾಗಿ ಆಡು ಅಂತ ನಿನಗೆ ಹೇಳಿದವರು ಯಾರಯ್ಯಾ?" ರೈತ ಕೊಡಲಿ ಎತ್ತಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗೂಳಪ್ಪನ ಮುಖ ಕೆಂಪಾಯಿತು.

"ನನ್ನ ಬಾಯಿ ಮುಚ್ಚಿಸೋಕೆ ಒಬ್ಬನನ್ನು ಕೊಂದುಬಿಟ್ಟಿರಾ? ಆ ಸಾವು, ಆ ಕೊಡಲಿ, ಎಲ್ಲ ನೀವೇ ಹುಟ್ಟಿಸಿದ್ದು!"

"ಹೌದಪ್ಪಾ, ಕೊನೆ ನಾನೇ ಹುಟ್ಟಿಸಿದ್ದು; ಅದನ್ನು ನಿಜ ಮಾಡಲು ಕೂತಿರುವವನು ನೀನು."