ದೀಪದ ವ್ಯಾಪಾರಿಯ ವೀಳ್ಯದ ಬಳ್ಳಿ

“ಗುರುಗಳೇ, ನನ್ನ ಬಳಿ ಹಾಡು ಕಲಿಯುವ ಮಕ್ಕಳು ದಿನದಿನಕ್ಕೆ ಬಿಳುಚಿಕೊಳ್ಳುತ್ತಿದ್ದಾರೆ. ಅವರಲ್ಲಿ ಏನು ಕೊರತೆ?” ಎಂದು ಶಿಷ್ಯ ಕೇಳಿದ.

“ಹೇಗೆ ಕಲಿಸುತ್ತೀಯ?” ಎಂದರು ಗುರುಗಳು.

“ಬೆಳಗಿನಿಂದ ಸಂಜೆಯವರೆಗೆ ಪಕ್ಕದಲ್ಲೇ ಕೂತಿರ್ತೀನಿ. ಒಂದು ಸ್ವರ ಜಾರಿದರೂ ಬಿಡೋದಿಲ್ಲ. ನನ್ನಂಥ ಮೇಷ್ಟ್ರು ಈ ಸೀಮೆಯಲ್ಲೇ ಇಲ್ಲ ಅಂತ ಜನ ಹೇಳ್ತಾರೆ.”

“ಯಾವ ಜನ?”

“ನನ್ನ ಬಾಗಿಲ ಮೇಲಿನ ಹಲಗೆಯಲ್ಲೇ ಬರೆಸಿದ್ದೀನಲ್ಲ, ಗುರುಗಳೇ.”

ಗುರುಗಳು ನಗಲಿಲ್ಲ. ಮೀಸೆ ಮಾತ್ರ ಅಲುಗಿತು. ಕತೆ ಶುರು ಮಾಡಿದರು.

ಒಬ್ಬ ದೀಪದ ವ್ಯಾಪಾರಿ ಇದ್ದ. ಎಲ್‌ಇಡಿ ದೀಪ ಮಾರುತ್ತಿದ್ದ. ಒಮ್ಮೆ ತನ್ನ ಕೈಯಾರೆ ಒಂದು ದೊಡ್ಡ ದೀಪ ಮಾಡಿದ. ಅದು ನೇರಳೆ ಬೆಳಕು ಕೊಡುತ್ತಿತ್ತು. ಸೂರ್ಯನ ಮುಖ ನೋಡದೆ ಗಿಡ ಬೆಳೆಯಬೇಕೆಂದು ಮಾಡಿದ ದೀಪ ಅದು. ಮನೆಯ ಹಿಂದಿನ ಕೋಣೆಯ ಕಿಟಕಿ ಮುಚ್ಚಿದ. ಕುಂಡಗಳಲ್ಲಿ ವೀಳ್ಯದ ಬಳ್ಳಿ ಹಬ್ಬಿಸಿದ. ದೀಪವನ್ನು ಬಳ್ಳಿಯ ನೆತ್ತಿಗೆ ಮುಟ್ಟುವಷ್ಟು ಕೆಳಗೆ ಇಳಿಬಿಟ್ಟ. ಇಷ್ಟು ಒಳ್ಳೆಯ ದೀಪವನ್ನು ದೂರ ಇಡಲು ಅವನಿಗೆ ಮನಸ್ಸು ಬರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ದೀಪದ ಕೆಳಗೆ ಒಂದು ಹಲಗೆ ಕಟ್ಟಿದ. ಅದರಲ್ಲಿ ತನ್ನ ಹೆಸರು ಬರೆಸಿದ. ಬಾಗಿಲಲ್ಲಿ ನಿಂತವರಿಗೂ ಓದಲು ಬರಲೆಂದು ಅದನ್ನು ಓರೆಯಾಗಿ ಕಟ್ಟಿದ. ಬಂದವರಿಗೆ ಮೊದಲು ಹಲಗೆ ತೋರಿಸುತ್ತಿದ್ದ. ಆಮೇಲೆ ದೀಪ. ಹೊತ್ತು ಉಳಿದರೆ ಬಳ್ಳಿ.

ಆ ವರ್ಷ ಅವನ ಮಗಳಿಗೆ ಗಂಡು ಗೊತ್ತಾಯಿತು. ಎರಡೂ ಕಡೆಯವರು ವೀಳ್ಯ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾದಂತೆ. ಬಿಳುಚಿದ ಎಲೆಯನ್ನೂ ತುದಿ ಸುಟ್ಟ ಎಲೆಯನ್ನೂ ವೀಳ್ಯದ ತಟ್ಟೆಗೆ ಇಡುವಂತಿಲ್ಲ. ವ್ಯಾಪಾರಿ ಬೀಗರ ಎದುರು ಎದೆ ತಟ್ಟಿಕೊಂಡು ಹೇಳಿದ:

“ಪೇಟೆಯ ಒಂದೇ ಒಂದು ಎಲೆ ನಮ್ಮ ತಟ್ಟೆಗೆ ಬಿದ್ದರೆ ನಾನು ದೀಪ ಮಾರೋದೇ ಬಿಡ್ತೀನಿ.”

ಬೀಗರು ತಲೆದೂಗಿದರು. ಮಗಳು ಮಾತ್ರ ಹಣೆ ಒತ್ತಿಕೊಂಡಳು.

ಸ್ವಲ್ಪ ದಿನಕ್ಕೆ ಅವಳು ಒಂದು ಎಲೆ ಕಿತ್ತು ಅಂಗಳಕ್ಕೆ ತಂದು ನೋಡಿದಳು. ಎಲೆ ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತಿತ್ತು.

“ಅಪ್ಪ, ಎಲೆ ಬೆಳ್ಳಗಾಗಿದೆ.”

ವ್ಯಾಪಾರಿ ಆ ಎಲೆಯನ್ನು ಕೋಣೆಗೆ ಒಯ್ದು ತನ್ನ ದೀಪದ ಕೆಳಗೆ ಹಿಡಿದ. ನೇರಳೆ ಬೆಳಕಿನಲ್ಲಿ ಎಲ್ಲವೂ ಒಂದೇ ಬಣ್ಣ. ಎಲೆಯೂ ನೇರಳೆ, ಬೆರಳೂ ನೇರಳೆ.

“ಇಲ್ಲಿ ಚೆನ್ನಾಗೇ ಇದೆಯಲ್ಲ. ಹೊರಗಿನ ಬಿಸಿಲೇ ಸರಿ ಇಲ್ಲ,” ಎಂದ.

“ದೀಪ ಆರಿಸಿ ನೋಡೋಣ ಅಪ್ಪ.”

“ಹುಚ್ಚಿ, ದೀಪ ಆರಿಸಿದರೆ ಕಾಣೋದು ಹೇಗೆ?”

ಆದರೂ ಯಾರೂ ಇಲ್ಲದಾಗ ಒಂದೆರಡು ಎಲೆಗಳನ್ನು ಅಂಗಳಕ್ಕೆ ಒಯ್ದು ನೋಡಿದ. ಬಳ್ಳಿಗೆ ಹಸಿವಾಗಿರಬೇಕು ಎಂದುಕೊಂಡ. ಹಿಂಡಿ ನೆನೆಸಿದ ನೀರು ಹೊಯ್ದ. ಬಿಳುಚಿದ ಎಲೆಗಳ ತುದಿಯೂ ಸುಟ್ಟಿತು. ಬಾಯಾರಿಕೆ ಇರಬೇಕು ಎಂದುಕೊಂಡ. ಹೊತ್ತು ಹೊತ್ತಿಗೆ ನೀರು ಹೊಯ್ದ. ಮಣ್ಣು ನಾರಿತು. ಕುಂಡ ಬದಲಾಯಿಸಿದ, ಮಣ್ಣು ಬದಲಾಯಿಸಿದ. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆದು ಸುಟ್ಟ. ಕೋಣೆಯಲ್ಲಿದ್ದವರೆಲ್ಲ ಕೆಮ್ಮಿದರು. ಬಳ್ಳಿಗೆ ಏನೂ ಆಗಲಿಲ್ಲ.

ಕಡೆಗೆ ಗೊಬ್ಬರದ ಅಂಗಡಿಗೆ ಹೋದ.

“ಯಾವ ಎಲೆ ಮೊದಲು ಬಿಳುಚಿತು, ಕೆಳಗಿನದೋ ಮೇಲಿನದೋ?” ಎಂದು ಅಂಗಡಿಯವನು ಕೇಳಿದ.

“ಮೇಲಿನದು. ಕೆಳಗಿನದು ಗಟ್ಟಿಮುಟ್ಟಾಗಿದೆ.”

“ಹಾಗಾದ್ರೆ ಗೊಬ್ಬರ ಬೇಡ ಅಣ್ಣ. ಹೊಟ್ಟೆಗಿಲ್ಲದಿದ್ದರೆ ಕೆಳಗಿನ ಹಳೇ ಎಲೆ ಮೊದಲು ಸೊರಗುತ್ತೆ. ನೆತ್ತಿ ಬಿಳುಚಿದೆ ಅಂದ್ರೆ ನೆತ್ತಿ ಮೇಲೆ ಏನಿದೆ ನೋಡು.”

“ನೆತ್ತಿ ಮೇಲೆ ನನ್ನ ದೀಪ ಇದೆ. ಬೇರೇನೂ ಇಲ್ಲ.”

ಅಂಗಡಿಯವನು ಅವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಹಿಂದೆ ನಿಂತಿದ್ದವನಿಗೆ, “ನಿಮಗೇನು ಬೇಕಿತ್ತು?” ಎಂದ.

ಶಾಸ್ತ್ರದ ದಿನ ಬಂತು. ಬೀಗರು ನಡುಮನೆಯಲ್ಲಿ ಕೂತರು. ಗಂಡಿನ ಅಜ್ಜಿ ಖಾಲಿ ತಟ್ಟೆಯನ್ನು ಮುಂದಕ್ಕೆ ಸರಿಸಿ, “ಎಲ್ಲಿ, ನಿಮ್ಮ ಕೋಣೆಯ ಎಲೆ ಬರಲಿ,” ಎಂದಳು. ವ್ಯಾಪಾರಿ ಎಲೆ ಕೊಯ್ಯಲು ಒಳಗೆ ಹೋದ. ಅವನು ಕೈ ಚಾಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಕತ್ತಲೆಯಲ್ಲಿ ತಡವರಿಸಿದ. ಬೇರೆ ದಾರಿಯಿಲ್ಲದೆ ಕಿಟಕಿ ತೆರೆದ.

ಬಿಸಿಲು ಒಳಗೆ ಬಂತು. ಬಳ್ಳಿಯ ನೆತ್ತಿ ಪೂರಾ ಬಿಳುಚಿತ್ತು. ಒಂದೇ ಒಂದು ಕಡೆ ಎಲೆಗಳು ಕಡುಹಸಿರಾಗಿ ಹೊಳೆಯುತ್ತಿದ್ದವು. ಆ ಹಸಿರಿಗೆ ನಾಲ್ಕು ಮೂಲೆಗಳಿದ್ದವು. ವ್ಯಾಪಾರಿ ತಲೆಯೆತ್ತಿದ. ಅದರ ನೇರ ಮೇಲೆ ಅವನ ಹೆಸರಿನ ಹಲಗೆ ತೂಗುತ್ತಿತ್ತು.

ಅವನು ಹಲಗೆ ನೋಡಿದ. ಎಲೆ ನೋಡಿದ. ಆರಿದ ದೀಪವನ್ನು ನೋಡಿದ. ವೀಳ್ಯದ ಬಳ್ಳಿ ಮರದ ನೆರಳಿನಲ್ಲಿ ಬೆಳೆಯುವ ಜಾತಿ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅದನ್ನು ದೀಪ ಮರೆಸಿತ್ತು.

ಮಗಳು ಬಾಗಿಲಿಗೆ ಬಂದಳು. ಅವಳ ಮುಖವೂ ಎಲೆಗಿಂತ ಕಡಿಮೆಯೇನೂ ಬಿಳುಚಿರಲಿಲ್ಲ.

“ಅಪ್ಪ, ಎಲೆ ಇದೆಯಾ? ಇಲ್ಲದಿದ್ರೆ ಹೇಳಿಬಿಡು. ಹಿತ್ತಲಿಂದ ಓಡಿಹೋಗಿ ಪೇಟೆಯಿಂದ ತರ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಪೇಟೆ ಎಲೆ ಯಾಕಮ್ಮ? ಇಲ್ಲಿದೆ,” ಎಂದ ವ್ಯಾಪಾರಿ.

ಹಲಗೆಯ ನೆರಳಿನಲ್ಲಿದ್ದ ಎಲೆಗಳನ್ನೆಲ್ಲ ಕೊಯ್ದ. ತಟ್ಟೆಗೆ ಸರಿಹೋಯಿತು.

ಅಜ್ಜಿ ಒಂದು ಎಲೆ ಎತ್ತಿಕೊಂಡಳು. ತುದಿ ನೋಡಿದಳು, ತೊಟ್ಟು ನೋಡಿದಳು, ಬೆನ್ನು ಸವರಿದಳು. ಬಾಗಿಲ ಹಿಂದಿನಿಂದ ಮಗಳು ಇಣುಕಿದಳು.

“ಇಂಥ ಎಲೆ ಕಂಡು ಬಹಳ ಕಾಲವಾಯ್ತು,” ಎಂದಳು ಅಜ್ಜಿ. “ಏನು ಹಾಕಿ ಬೆಳೆಸಿದ್ರಿ ಬೀಗರೇ?”

ವ್ಯಾಪಾರಿ ಎದೆ ಉಬ್ಬಿಸಿದ.

“ನನ್ನ ಹೆಸರು ಹಾಕಿ ಬೆಳೆಸಿದೆ, ಅಜ್ಜಿ.”

ಇವನ ಜಂಬವೇ ಇಷ್ಟು ಎಂದು ನಡುಮನೆ ನಕ್ಕಿತು. ಅವನು ಅಷ್ಟು ನಿಜವನ್ನು ಹಿಂದೆಂದೂ ಹೇಳಿರಲಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ವೀಳ್ಯ ಕೈ ಬದಲಾಯಿಸಿತು.

ಕರೆಂಟು ಬಂದ ಮೇಲೆ ವ್ಯಾಪಾರಿ ಏಣಿ ಹಾಕಿದ. ದೀಪವನ್ನು ಜಂತಿಯವರೆಗೆ ಎತ್ತಿ ಕಟ್ಟಿದ. ಅದಕ್ಕೆ ತೆಳ್ಳನೆಯ ಬಟ್ಟೆ ಹೊದಿಸಿದ. ಹಲಗೆಯನ್ನು ಮಾತ್ರ ಬಿಚ್ಚಲಿಲ್ಲ. ಅಷ್ಟು ಕೆಲಸ ಮಾಡಿದ ಹಲಗೆಯನ್ನು ಯಾರು ತಾನೆ ಬಿಚ್ಚುತ್ತಾರೆ?

ಕತೆ ಮುಗಿಯಿತು. ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ.

“ಭೇಷ್ ಗುರುಗಳೇ! ಅಂದರೆ ಮನುಷ್ಯನಿಗೆ ಹೆಮ್ಮೆ ಇರಲೇಬೇಕು ಅಂತಾಯ್ತು. ನನ್ನ ಹಲಗೆಯನ್ನು ಇನ್ನೂ ದೊಡ್ಡದು ಮಾಡಿಸ್ತೀನಿ.”

“ಮಾಡಿಸು,” ಎಂದರು ಗುರುಗಳು. “ನಾಳೆಯಿಂದ ಅದನ್ನು ಮಕ್ಕಳ ಪಕ್ಕ ಕೂರಿಸು, ನೀನು ಬಾಗಿಲ ಮೇಲೆ ಕೂತ್ಕೋ.”