ತಗಡಿನ ನವಿಲು ಮತ್ತು ಸೀಸದ ಗುಂಡು

ಒಂದು ಕಲಾಶಾಲೆಯ ಚಾವಣಿಯಿಂದ ತೂಗುಶಿಲ್ಪವೊಂದು ನೇತಾಡುತ್ತಿತ್ತು. ಅದರ ಉದ್ದ ಕಂಬಿಯ ಒಂದು ತುದಿಗೆ ತಗಡಿನ ನವಿಲು ಮತ್ತು ಅದರ ಐದು ಮರಿಗಳು; ಇನ್ನೊಂದು ತುದಿಗೆ ಬೋಳು ಸೀಸದ ಗುಂಡು. ಗಾಳಿ ಬೀಸಿದರೆ ನವಿಲು ತಿರುಗುತ್ತಿತ್ತು, ನೋಡಿದವರು ಬಾಯಿ ಬಿಡುತ್ತಿದ್ದರು. ಗುಂಡನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೂ ಅದರ ಮೋರೆ ಕಂಡರೆ ನವಿಲಿಗೆ ಮೈಯೆಲ್ಲ ಉರಿ.

"ಕುಣಿಯುವವರು ನಾವು. ಈ ದಂಡಪಿಂಡ ನಮ್ಮ ಜೊತೆ ಯಾಕಿರಬೇಕು?" ಎಂದಿತು ನವಿಲು ಒಂದು ದಿನ.

ಅಷ್ಟರಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

"ನೋಡಿದಿರಾ, ಹಲ್ಲಿಯೇ ಸತ್ಯ ಅಂದಿತು!" ಎಂದು ಮರಿಗಳು ಕೂಗಿದವು.

"ಸ್ವಾಮೀ, ತಮ್ಮನ್ನು ಎತ್ತಿ ಹಿಡಿದಿರುವುದೇ..." ಎಂದು ಗುಂಡು ಬಾಯಿ ತೆರೆಯಿತು.

"ಹಲ್ಲಿ ನುಡಿದ ಮೇಲೆ ಮುಗಿಯಿತು," ಎಂದಿತು ನವಿಲು.

ಎಲ್ಲವೂ ಸೇರಿ ಕಂಬಿಯನ್ನು ಅಲುಗಾಡಿಸಿದವು. ಗುಂಡು ಕೊಕ್ಕೆಯಿಂದ ಜಾರಿ ದೊಪ್ಪೆಂದು ನೆಲಕ್ಕೆ ಬಿತ್ತು. ಮರುಗಳಿಗೆಯೇ ಕಂಬಿ ವಾಲಿತು; ನವಿಲು ಮರಿಗಳ ದಾರಕ್ಕೆ ಸಿಕ್ಕಿಕೊಂಡು ತಲೆಕೆಳಗಾಗಿ ಜೋತುಬಿತ್ತು.

"ಎಲಾ ಹಲ್ಲೀ, ನಿನ್ನ ಮಾತು ನಂಬಿ ಕೆಟ್ಟೆನಲ್ಲೋ!"

"ನಾನೆಲ್ಲಿ ಮಾತಾಡಿದೆ? ಸೊಳ್ಳೆ ರುಚಿಯಾಗಿತ್ತು, ಚಪ್ಪರಿಸಿದೆ," ಎಂದಿತು ಹಲ್ಲಿ.

ಕಸ ಗುಡಿಸಲು ಬಂದ ಪುಟ್ಟಸಿದ್ಧಮ್ಮ ಆ ಗುಂಡನ್ನೆತ್ತಿ, ಪಟಪಟ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಒತ್ತಾಗಿ ಇಟ್ಟಳು. ಬಾಗಿಲು ತೆರೆದೇ ನಿಂತಿತು. ವರ್ಷದಲ್ಲೇ ಬಂದಿರದಂಥ ಗಾಳಿ ಒಳಗೆ ನುಗ್ಗಿತು.

"ಗಾಳಿ ಸಾಕೇ ನವಿಲಯ್ಯ?" ಎಂದು ಗುಂಡು ಕೆಳಗಿನಿಂದ ವಿನಯವಾಗಿ ಕೇಳಿತು. "ಇನ್ನು ತಾವು ಕುಣಿಯಬಹುದು."

ಹಲ್ಲಿ ಮತ್ತೆ ಲೊಚಗುಟ್ಟಿತು. ಈ ಸಲ ಯಾರೂ ಸತ್ಯ ಅನ್ನಲಿಲ್ಲ.